ಯೆಸ್ ಬ್ಯಾಂಡಿನ ಸೋಲೋ ಆಲ್ಬಂಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನ ಪ್ರೋಗ್ರೆಸಿವ್ ರಾಕ್ ಬ್ಯಾಂಡ್ ಯೆಸ್‌ನ ಸದಸ್ಯರು 1970ರ ದಶಕದಲ್ಲಿ ತಂತಮ್ಮ ಹೆಸರಲ್ಲಿ ತಂದ ಆಲ್ಬಂಗಳ ಬಗ್ಗೆ ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಹೊಸಬರು ಮೊದಲಿಂದ ಓದಬಹುದು. ಆಲ್ಬಂಗಳನ್ನು ಆಗಲೇ ಕೇಳಿದವರು ನೇರ ಕೊನೆಯ ಭಾಗಕ್ಕೆ ಹೋದರೂ ನಷ್ಟವಿಲ್ಲ.

## ಈಗಷ್ಟೇ ಶುರು ಮಾಡುವವರಿಗೆ

ಬ್ಯಾಂಡಿನ ಐದೂ ಜನ ಒಂದೇ ಸಲಕ್ಕೆ ಸೋಲೋ ಆಲ್ಬಂ ಮಾಡಿದ್ರಂತೆ, ನಿಜಾನಾ? ಜಗಳ ಆಗಿತ್ತಾ?

ನಿಜ. ಜಗಳವೇನೂ ಇರಲಿಲ್ಲ. 1974ರ ಕೊನೆಯಲ್ಲಿ ಯೆಸ್‌ನ ‘ರಿಲೇಯರ್’ ಆಲ್ಬಂ ಬಂತು, ಅದರ ಪ್ರವಾಸ ಮುಗಿದ ಮೇಲೆ 1975ರಲ್ಲಿ ಬ್ಯಾಂಡು ಬಿಡುವು ತೆಗೆದುಕೊಂಡು, ಒಬ್ಬೊಬ್ಬರೂ ಒಂದೊಂದು ಆಲ್ಬಂ ಮಾಡುವುದೆಂದು ಮಾತಾಯಿತು. ಗಿಟಾರಿನ ಸ್ಟೀವ್ ಹೌ ಅವರ ‘ಬಿಗಿನಿಂಗ್ಸ್’ 1975ರ ಅಕ್ಟೋಬರ್‌ನಲ್ಲಿ, ಬೇಸ್ ಗಿಟಾರಿನ ಕ್ರಿಸ್ ಸ್ಕ್ವೈರ್ ಅವರ ‘ಫಿಶ್ ಔಟ್ ಆಫ್ ವಾಟರ್’ ಅದೇ ನವೆಂಬರ್‌ನಲ್ಲಿ ಬಂದವು. 1976ರಲ್ಲಿ ಡ್ರಮ್ಮರ್ ಅಲನ್ ವೈಟ್ ಅವರ ‘ರ‍್ಯಾಮ್‌ಶ್ಯಾಕಲ್ಡ್’, ಕೀಬೋರ್ಡಿನ ಪ್ಯಾಟ್ರಿಕ್ ಮೊರಾಜ್ ಅವರ ‘ದಿ ಸ್ಟೋರಿ ಆಫ್ ಐ’ ಬಂದವು. ಹಾಡುಗಾರ ಜಾನ್ ಆಂಡರ್ಸನ್ ಅವರ ‘ಒಲಾಯಸ್ ಆಫ್ ಸನ್‌ಹಿಲೋ’ 1976ರ ಜುಲೈನಲ್ಲಿ ಕೊನೆಯದಾಗಿ ಬಂತು. ಆ ಬೇಸಿಗೆಯ ಅಮೆರಿಕ ಪ್ರವಾಸಕ್ಕೆ ಐವರೂ ಒಟ್ಟಿಗೇ ಹೊರಟರು. ಪ್ರವಾಸದ ಆರಂಭದ ದಿನಗಳಲ್ಲಿ ಈ ಸೋಲೋ ಆಲ್ಬಂಗಳ ತುಣುಕುಗಳನ್ನೂ ವೇದಿಕೆಯಲ್ಲಿ ನುಡಿಸಿದ್ದಾರೆ.

ಒಂದೇ ಬ್ಯಾಂಡು, ಒಂದೇ ಬಿಡುವು, ಹೆಚ್ಚುಕಮ್ಮಿ ಒಂದೇ ವರ್ಷ. ಸೋಲೋ ಆಲ್ಬಂಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಇಷ್ಟು ಅನುಕೂಲದ ಸಂದರ್ಭ ರಾಕ್ ಇತಿಹಾಸದಲ್ಲಿ ಅಪರೂಪ.

ನನಗೆ ‘ರೌಂಡಬೌಟ್’ ಬಿಟ್ಟು ಏನೂ ಗೊತ್ತಿಲ್ಲ. ಯಾವುದರಿಂದ ಶುರು ಮಾಡ್ಲಿ?

‘ರೌಂಡಬೌಟ್’ ಇರುವ ಆಲ್ಬಂನಿಂದಲೇ ಶುರು ಮಾಡಿ. 1971ರ ‘ಫ್ರ್ಯಾಜೈಲ್’ನಲ್ಲಿ ದೊಡ್ಡ ಹಾಡುಗಳ ನಡುವೆ ಐದು ಚಿಕ್ಕ ತುಣುಕುಗಳಿವೆ, ಒಬ್ಬೊಬ್ಬ ಸದಸ್ಯನ ಯೋಜನೆಯಂತೆ ಒಂದೊಂದು. ‘ಕ್ಯಾನ್ಸ್ ಆಂಡ್ ಬ್ರಾಮ್ಸ್’ನಲ್ಲಿ ಮೊರಾಜ್‌ಗಿಂತ ಮೊದಲು ಕೀಬೋರ್ಡಿಗಿದ್ದ ರಿಕ್ ವೇಕ್‌ಮನ್ ಜರ್ಮನ್ ರಚನಕಾರ ಬ್ರಾಮ್ಸ್‌ನ ನಾಲ್ಕನೇ ಸಿಂಫನಿಯ ಮೂರನೇ ಭಾಗವನ್ನು ಪೂರ್ತಿ ಕೀಬೋರ್ಡುಗಳಲ್ಲೇ ನುಡಿಸಿದ್ದಾರೆ. ‘ವೀ ಹ್ಯಾವ್ ಹೆವನ್’ನಲ್ಲಿ ಆಂಡರ್ಸನ್ ತಮ್ಮದೇ ದನಿಯನ್ನು ಪದರ ಪದರವಾಗಿ ಪೇರಿಸಿದ್ದಾರೆ. ವೈಟ್‌ಗಿಂತ ಮೊದಲಿನ ಡ್ರಮ್ಮರ್ ಬಿಲ್ ಬ್ರೂಫರ್ಡ್‌ರ ‘ಫೈವ್ ಪರ್ ಸೆಂಟ್ ಫಾರ್ ನಥಿಂಗ್’ ಅರ್ಧ ನಿಮಿಷದ ತಾಳದ ಒಗಟು. ‘ದಿ ಫಿಶ್’ ಬೇಸ್ ಗಿಟಾರಿನ ಪದರಗಳ ಮೇಲೆ ನಿಂತಿದೆ. ‘ಮೂಡ್ ಫಾರ್ ಎ ಡೇ’ ನೈಲಾನ್ ತಂತಿಯ ಗಿಟಾರಿನಲ್ಲಿ ಹೌ ಒಬ್ಬರೇ ನುಡಿಸಿದ್ದು.

ಈ ಐದರಲ್ಲಿ ನಿಮಗೆ ಯಾವುದು ಹಿಡಿಸಿತೋ ಆ ಸದಸ್ಯನ ಸೋಲೋ ಆಲ್ಬಂ ಮೊದಲು ಕೇಳಿ. ಈ ಸೂತ್ರ ಕೈಕೊಡುವುದು ಹೌ ವಿಷಯದಲ್ಲಿ ಮಾತ್ರ. ಯಾಕೆಂದು ಮುಂದೆ ಹೇಳಿದೆ.

ಒಂದೇ ಒಂದು ಆಲ್ಬಂ ಕೇಳೋಕೆ ಮಾತ್ರ ಸಮಯ ಇದೆ. ಯಾವುದು?

‘ಫಿಶ್ ಔಟ್ ಆಫ್ ವಾಟರ್’. ಯೆಸ್‌ಗೆ ಹತ್ತಿರ ಇದೆ ಎಂಬ ಕಾರಣಕ್ಕಲ್ಲ. ಐದರಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದು ಹಾಡನ್ನೂ ದಾಟಿಸದೆ ಕೇಳಬಹುದಾದವು ಎರಡೇ, ಇದು ಮತ್ತು ‘ಒಲಾಯಸ್’. ‘ಒಲಾಯಸ್’ಗೆ ಮನಸ್ಸು ಹದಗೊಳ್ಳಬೇಕು, ಇದಕ್ಕೆ ಬೇಡ.

ಸೋಲೋ ಅಂದ್ಮೇಲೆ ಎಲ್ಲ ವಾದ್ಯಾನೂ ಒಬ್ರೇ ನುಡಿಸಿದ್ದಾರಾ?

ಆಂಡರ್ಸನ್ ಒಬ್ಬರೇ ಹಾಗೆ ಮಾಡಿದ್ದು. ಬಕಿಂಗ್‌ಹ್ಯಾಮ್‌ಶೈರ್‌ನ ಸೀರ್ ಗ್ರೀನ್ ಊರಿನ ಮನೆಯಲ್ಲಿ, ಎಂಜಿನಿಯರ್ ಮೈಕ್ ಡನ್ ಜೊತೆ ಕೂತು, ಹಾರ್ಪ್‌ನಿಂದ ಹಿಡಿದು ತಾಳವಾದ್ಯ, ಸಿಂಥಸೈಜರ್‌ವರೆಗೆ ತಾವೇ ನುಡಿಸಿ ಪೇರಿಸಿದರು. ಉಳಿದ ನಾಲ್ವರಲ್ಲಿ ‘ಸೋಲೋ’ ಎಂದರೆ ತೀರ್ಮಾನ ತಮ್ಮದು ಎಂದಷ್ಟೇ ಅರ್ಥ. ಸ್ಕ್ವೈರ್ ಆಲ್ಬಂನಲ್ಲಿ ಡ್ರಮ್ಸ್ ಬ್ರೂಫರ್ಡ್, ಆರ್ಗನ್ ಮೊರಾಜ್, ಸ್ಯಾಕ್ಸೊಫೋನ್ ಮೆಲ್ ಕಾಲಿನ್ಸ್, ಕೊಳಲು ಜಿಮ್ಮಿ ಹೇಸ್ಟಿಂಗ್ಸ್, ಪಿಯಾನೋ ಮತ್ತು ಆರ್ಕೆಸ್ಟ್ರಾ ಬರವಣಿಗೆ ಆಂಡ್ರ್ಯೂ ಜ್ಯಾಕ್‌ಮನ್. ಹೌ ಆಲ್ಬಂನಲ್ಲಿ ವೈಟ್, ಬ್ರೂಫರ್ಡ್, ಮೊರಾಜ್ ಮೂವರೂ ಇದ್ದಾರೆ, ‘ದಿ ನೇಚರ್ ಆಫ್ ದಿ ಸೀ’ಗೆ ಗ್ರಿಫನ್ ಬ್ಯಾಂಡಿನವರು ಕೂಡಿದ್ದಾರೆ. ಅಲನ್ ವೈಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಾಡು ಬರೆಯುವುದನ್ನೂ ಹಳೆಯ ಗೆಳೆಯರಿಗೇ ಬಿಟ್ಟುಬಿಟ್ಟರು!

ಇವು ಎಷ್ಟು ಮಾರಾಟ ಆದವು? ಅದರಿಂದ ಏನಾದ್ರೂ ಗೊತ್ತಾಗುತ್ತಾ?

ಬ್ರಿಟಿಷ್ ಆಲ್ಬಂ ಪಟ್ಟಿಯಲ್ಲಿ ‘ಒಲಾಯಸ್’ 8, ‘ಬಿಗಿನಿಂಗ್ಸ್’ 22, ‘ಫಿಶ್’ 25, ಮೊರಾಜ್ 28, ವೈಟ್ 41ನೇ ಸ್ಥಾನ ಮುಟ್ಟಿದವು. ಆಂಡರ್ಸನ್ ಬ್ಯಾಂಡಿನ ದನಿ, ಜನ ಕೊಂಡದ್ದು ಆ ದನಿಯನ್ನು. ಆಲ್ಬಂ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೆ ಈ ಅಂಕಿಗಳನ್ನು ಹಿಡಿದರೆ ‘ಬಿಗಿನಿಂಗ್ಸ್’ ‘ಫಿಶ್’ಗಿಂತ ಮೇಲೆ ನಿಲ್ಲುತ್ತದೆ. ಎರಡನ್ನೂ ಕೇಳಿದವರು ಒಪ್ಪುವ ಮಾತಲ್ಲ ಅದು.

## ಒಂದೊಂದೇ ಆಲ್ಬಂ

‘ಫಿಶ್ ಔಟ್ ಆಫ್ ವಾಟರ್’ ಎಲ್ಲರೂ ಹೊಗಳ್ತಾರೆ. ಅದರಲ್ಲಿ ಏನನ್ನ ಗಮನಿಸಬೇಕು?

ಮೊದಲು, ಇಲ್ಲದ್ದನ್ನು ಗಮನಿಸಿ. ಈ ಆಲ್ಬಂನಲ್ಲಿ ಮುಂದೆ ನಿಂತು ನುಡಿಯುವ ಗಿಟಾರ್ ಇಲ್ಲ. ಸ್ಕ್ವೈರ್ ತಾವೇ ಒಂದಷ್ಟು ಹನ್ನೆರಡು ತಂತಿಯ ಗಿಟಾರ್ ನುಡಿಸಿದ್ದಾರೆ, ಅಷ್ಟೇ. ಗಿಟಾರಿನ ಜಾಗವನ್ನು ಬೇಸ್ ತುಂಬುತ್ತದೆ. ಅದು ಸಾಧ್ಯವಾದದ್ದು ಅವರು ಧ್ವನಿ ತೆಗೆಯುತ್ತಿದ್ದ ರೀತಿಯಿಂದ: ರಿಕೆನ್‌ಬ್ಯಾಕರ್ ಬೇಸ್, ಸುತ್ತು ಒರಟಾದ ರೋಟೋಸೌಂಡ್ ಸ್ಟೀಲ್ ತಂತಿಗಳು, ಬೆರಳಿನ ಬದಲು ಪಿಕ್. ತಂತಿಯ ಕಂಪನ ಹಿಡಿಯುವ ಎರಡು ಪಿಕಪ್‌ಗಳ ಧ್ವನಿಯನ್ನು ಬೇರೆ ಮಾಡಿ, ತಗ್ಗಿನದನ್ನು ಸ್ವಚ್ಛವಾಗಿಯೂ ಮೇಲಿನದನ್ನು ಕೊಂಚ ಕರಕರ ಎನ್ನುವಂತೆಯೂ ಕಳಿಸುವುದು ಅವರ ಪದ್ಧತಿ. ಹೀಗಾಗಿ ಒಂದೇ ವಾದ್ಯದಲ್ಲಿ ತಳದ ಗಾತ್ರವೂ ಮೇಲಿನ ಕಚ್ಚೂ ಸಿಗುತ್ತವೆ.

‘ಹೋಲ್ಡ್ ಔಟ್ ಯುವರ್ ಹ್ಯಾಂಡ್’ನಲ್ಲಿ ಕೇಳುವ ದೊಡ್ಡ ಆರ್ಗನ್ ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನದು, ನುಡಿಸಿದವರು ಬ್ಯಾರಿ ರೋಸ್. ಹುಡುಗನಾಗಿದ್ದಾಗ ಸ್ಕ್ವೈರ್ ಹಾಡುತ್ತಿದ್ದ ಚರ್ಚ್ ಗಾಯನವೃಂದದ ಗುರು ಇವರೇ. ಜ್ಯಾಕ್‌ಮನ್ ಕೂಡ ಅದೇ ವೃಂದದ ಹುಡುಗ. ಇದು ತಿಳಿದು ಕೇಳಿದರೆ ಆರ್ಗನ್, ಗುಂಪುದನಿ, ಆರ್ಕೆಸ್ಟ್ರಾ ಯಾವುದೂ ಹೊರಗಿನಿಂದ ತಂದು ಅಂಟಿಸಿದಂತೆ ಕೇಳುವುದಿಲ್ಲ. ರಾಕ್ ಬ್ಯಾಂಡೊಂದು ಆರ್ಕೆಸ್ಟ್ರಾವನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡ ಎಷ್ಟೋ ಆಲ್ಬಂಗಳು ಆ ದಶಕದಲ್ಲಿ ಬಂದವು. ಬೇಸ್ ಗಿಟಾರೂ ಆರ್ಕೆಸ್ಟ್ರಾವೂ ಒಂದೇ ಸಾಲನ್ನು ಹೆಗಲಿಗೆ ಹೆಗಲು ಕೊಟ್ಟು ನುಡಿಸುವುದು ಇಲ್ಲಿನ ವಿಶೇಷ.

‘ಸೈಲೆಂಟ್ಲಿ ಫಾಲಿಂಗ್’ ಹನ್ನೊಂದೂವರೆ ನಿಮಿಷ ಇದೆ, ಮಧ್ಯದಲ್ಲಿ ಮೊರಾಜ್ ಆರ್ಗನ್ ಓಟ. ‘ಸೇಫ್’ ಸುಮಾರು 15 ನಿಮಿಷ. ಅದರ ಇನ್ನೊಂದು ಹೆಸರೇ ‘ಕ್ಯಾನನ್ ಸಾಂಗ್’: ಒಂದು ಸಾಲು ಶುರುವಾಗಿ ಮುಗಿಯುವ ಮೊದಲೇ ಅದೇ ಸಾಲನ್ನು ಇನ್ನೊಂದು ವಾದ್ಯ ಎತ್ತಿಕೊಳ್ಳುತ್ತದೆ. ಮೊದಲ ಸಲ ಉದ್ದವಾಯಿತು ಅನ್ನಿಸುವುದು ಸಹಜ. ಎರಡನೇ ಸಲ ಬರೀ ಬೇಸ್ ಸಾಲಿನ ಬೆನ್ನು ಹಿಡಿದು ಹೋಗಿ.

ಕೊನೆಯದಾಗಿ, ದನಿ. ಸ್ಕ್ವೈರ್ ಇಲ್ಲಿ ಎಲ್ಲ ಹಾಡನ್ನೂ ಹಾಡಿದ್ದಾರೆ. ಎರಡು ಹಾಡು ಕಳೆಯುವಷ್ಟರಲ್ಲಿ ‘ಇದು ಯೆಸ್ ದನಿಯೇ ಅಲ್ಲವೆ’ ಅನ್ನಿಸುತ್ತದೆ. ಆಂಡರ್ಸನ್ ದನಿ ಎಂದುಕೊಂಡಿದ್ದರಲ್ಲಿ ಎಷ್ಟು ಪಾಲು ಹಿಂದೆ ನಿಂತು ಹಾಡುತ್ತಿದ್ದ ಸ್ಕ್ವೈರ್‌ದು ಎಂಬುದು ತಿಳಿಯುವುದು ಇಲ್ಲೇ.

‘ಫಿಶ್’ನ ‘ಲಕ್ಕಿ ಸೆವೆನ್’ ಹಾಡಿಗೆ ತಾಳ ಹಾಕೋಕೆ ಹೋದ್ರೆ ತಪ್ಪುತ್ತೆ. ಯಾಕೆ?

ನಾಲ್ಕಕ್ಕೆ ಹಾಕುತ್ತಿದ್ದೀರಿ, ಅದಕ್ಕೆ. ಹೆಸರೇ ಹೇಳುವಂತೆ ಅದು ಏಳರ ಲೆಕ್ಕ. ಕರ್ನಾಟಕ ಸಂಗೀತದ ಮಿಶ್ರ ಛಾಪು ಕೇಳಿದ ಕಿವಿಗೆ ಇದು ಕಷ್ಟವಲ್ಲ, ಹೀಗೆ ಮಾಡಿ:

1. ಹಾಡು ಹಾಕಿ, ಕೈ ಸುಮ್ಮನಿಡಿ. ಬೇಸ್ ತುಣುಕು ಮತ್ತೆ ಮೊದಲಿಂದ ಶುರುವಾಗುವ ಜಾಗ ಯಾವುದು ಎಂದಷ್ಟೇ ಹುಡುಕಿ. ಡ್ರಮ್ಸ್ ಕೇಳಬೇಡಿ, ಬ್ರೂಫರ್ಡ್ ದಾರಿ ತಪ್ಪಿಸುತ್ತಾರೆ.
2. ಆ ಜಾಗದಿಂದ ಬಾಯಲ್ಲಿ ‘ತಕಿಟ ತಕಧಿಮಿ’ ಹೇಳಿ, ಮೂರು ಮತ್ತು ನಾಲ್ಕು.
3. ಒತ್ತು ಕೂರಲಿಲ್ಲ ಅನ್ನಿಸಿದರೆ ತಿರುಗಿಸಿ: ‘ತಕಧಿಮಿ ತಕಿಟ’.
4. ಬಾಯಿ ನಿಂತ ಮೇಲೆ ಕೈ ಸೇರಿಸಿ.

ಹೆಚ್ಚಿನವರು ಎಡವುವುದು ಏಳನೆಯದರ ನಂತರ ಅರಿವಿಲ್ಲದೆ ಇನ್ನೊಂದು ಎಣಿಕೆ ಸೇರಿಸಿ ಎಂಟು ಮಾಡಿಕೊಳ್ಳುವಾಗ. ಎರಡೇ ಸುತ್ತಿನಲ್ಲಿ ಸಮ ಎಲ್ಲೋ, ನೀವು ಎಲ್ಲೋ.

‘ಒಲಾಯಸ್’ ಕಥೆ ತಲೆಬುಡ ಅರ್ಥ ಆಗಲ್ಲ. ಕಥೆ ಗೊತ್ತಿಲ್ದೆ ಕೇಳಬಹುದಾ?

ಕೇಳಬಹುದು. ಆದರೆ ಇಷ್ಟು ಗೊತ್ತಿದ್ದರೆ ದಾರಿ ಸುಲಭ. ಸನ್‌ಹಿಲೋ ಒಂದು ಲೋಕ, ಅಲ್ಲಿ ನಾಲ್ಕು ಬುಡಕಟ್ಟುಗಳು. ಲೋಕ ನಾಶವಾಗಲಿದೆ. ಒಲಾಯಸ್ ಎಂಬಾತ ಎಲ್ಲರನ್ನೂ ಹೊತ್ತೊಯ್ಯಲು ಮೂರ್‌ಗ್ಲೇಡ್ ಎಂಬ ಹಡಗು ಕಟ್ಟುತ್ತಾನೆ, ರಾನ್ಯಾರ್ಟ್ ದಾರಿ ತೋರಿಸುತ್ತಾನೆ, ಕೊಕ್ವಾಕ್ ನಾಲ್ಕೂ ಬುಡಕಟ್ಟುಗಳನ್ನು ಒಂದುಗೂಡಿಸುತ್ತಾನೆ. ಹಡಗು ಹೊರಡುತ್ತದೆ, ನಡುದಾರಿಯಲ್ಲಿ ಜನ ಕಂಗಾಲಾಗುತ್ತಾರೆ, ಕೊನೆಗೆ ಹೊಸ ನೆಲ ಸಿಗುತ್ತದೆ.

ಇದನ್ನು ಹಾಡುಗಳಿಗೆ ಜೋಡಿಸುವುದು ಹೀಗೆ. ಹಾರ್ಪ್ ಮುಂದೆ ಬರುವ ‘ಡಾನ್ಸ್ ಆಫ್ ರಾನ್ಯಾರ್ಟ್’ ದಾರಿಗಾರನದು. ಅದರ ಬೆನ್ನಿಗೇ ಬರುವ ‘ಒಲಾಯಸ್’ ಹಡಗು ಕಟ್ಟುವ ಹಾಡು. ಗುಂಪು ಪಠಣ ಕೇಳಿಬರುವ ‘ನೇಯಾನ್’ ಭಾಗ ಬುಡಕಟ್ಟುಗಳು ಒಂದಾಗುವ ಹೊತ್ತು. ಆ ‘ಗುಂಪು’ ಪೂರ್ತಿ ಆಂಡರ್ಸನ್ ಒಬ್ಬರೇ ಎಂಬುದನ್ನು ಮರೆಯಬೇಡಿ. ‘ಫ್ಲೈಟ್ ಆಫ್ ದಿ ಮೂರ್‌ಗ್ಲೇಡ್’ ಪ್ರಯಾಣ. ಪದಗಳಲ್ಲಿ ಅರ್ಥ ಹುಡುಕಬೇಡಿ. ಆಂಡರ್ಸನ್ ಯೆಸ್‌ನಲ್ಲೂ ಪದವನ್ನು ಅದರ ಸದ್ದಿಗಾಗಿ ಆರಿಸುತ್ತಿದ್ದವರು, ಇಲ್ಲಿ ತಡೆಯುವವರೇ ಇರಲಿಲ್ಲ.

ಒಂದು ಎಚ್ಚರಿಕೆ. ಇದನ್ನು ಶಫಲ್‌ನಲ್ಲಿ ಹಾಕಿದರೆ ಕೆಡುತ್ತದೆ. ತುಣುಕುಗಳು ಒಂದಕ್ಕೊಂದು ಬೆಸೆದಿವೆ, ಆ್ಯಪ್‌ನಲ್ಲಿ ಹಾಡಿನ ನಡುವೆ ಬಿಡುವಿಲ್ಲದಂತೆ ಮಾಡುವ ಗ್ಯಾಪ್‌ಲೆಸ್ ಆಯ್ಕೆ ಆನ್ ಇರಲಿ, ಒಂದು ಹಾಡಿನ ಕೊನೆಯನ್ನು ಇನ್ನೊಂದರ ಮೇಲೆ ಹಾಯಿಸುವ ಕ್ರಾಸ್‌ಫೇಡ್ ಆಫ್ ಇರಲಿ.

ಅದರಲ್ಲಿ ಕೀಬೋರ್ಡ್ ನುಡಿಸಿದ್ದು ನಿಜವಾಗ್ಲೂ ವಾಂಜೆಲಿಸ್ ಅಂತಾರಲ್ಲ?

ಹಳೆಯ ಗಾಳಿಮಾತು. ವೇಕ್‌ಮನ್ ಬಿಟ್ಟುಹೋದ ಮೇಲೆ 1974ರಲ್ಲಿ ಯೆಸ್ ಗ್ರೀಸ್‌ನ ಕೀಬೋರ್ಡ್ ವಾದಕ ವಾಂಜೆಲಿಸ್ ಜೊತೆ ನುಡಿಸಿ ನೋಡಿತ್ತು, ಕೂಡಿಬರಲಿಲ್ಲ. ಆಂಡರ್ಸನ್ ಜೊತೆಗಿನ ಗೆಳೆತನ ಮಾತ್ರ ಉಳಿಯಿತು, 1980ರಲ್ಲಿ ‘ಶಾರ್ಟ್ ಸ್ಟೋರೀಸ್’ನಿಂದ ಇಬ್ಬರ ಜೋಡಿ ಆಲ್ಬಂಗಳೂ ಬಂದವು. ಅದಕ್ಕೇ ಜನ ಹಿಂದಕ್ಕೆ ಲೆಕ್ಕ ಹಾಕಿ ಹೀಗೆ ಹೇಳುವುದು. ಆಂಡರ್ಸನ್ ಇದನ್ನು ಅಲ್ಲಗಳೆದಿದ್ದಾರೆ. ಕಿವಿಯೂ ಅದನ್ನೇ ಹೇಳುತ್ತದೆ. ‘ಒಲಾಯಸ್’ನಲ್ಲಿ ಒಂದೊಂದು ಸಾಲೂ ಸರಳ, ಬೆರಳಿನ ಕಸರತ್ತಿಲ್ಲ, ದಪ್ಪ ಬಂದಿರುವುದು ಪದರ ಪೇರಿಸಿದ್ದರಿಂದ. ಪಳಗಿದ ಕೀಬೋರ್ಡ್ ಕೈ ಇದ್ದಿದ್ದರೆ ಎಲ್ಲಾದರೂ ಒಂದು ಕಡೆ ಗೊತ್ತಾಗಿಬಿಡುತ್ತಿತ್ತು.

ಸ್ಟೀವ್ ಹೌ ಅಷ್ಟು ದೊಡ್ಡ ಗಿಟಾರಿಸ್ಟ್. ‘ಬಿಗಿನಿಂಗ್ಸ್’ ಯಾಕೆ ಸಪ್ಪೆ?

ಅವರು ಹಾಡಿರುವುದರಿಂದ. ಹಿನ್ನೆಲೆಯಲ್ಲಿ ಮೂರನೆಯ ದನಿಯಾಗಿ ಚೆನ್ನಾಗಿ ಬೆರೆಯುವ ಗಂಟಲು, ಮುಂದೆ ನಿಂತಾಗ ಸ್ವರ ಹಿಡಿದು ನಿಲ್ಲಿಸಲು ಒದ್ದಾಡುತ್ತದೆ. ‘ಡೋರ್ಸ್ ಆಫ್ ಸ್ಲೀಪ್’, ‘ಆಸ್ಟ್ರೇಲಿಯಾ’ ಎರಡರಲ್ಲೂ ರಾಗದ ಎತ್ತರದ ತುದಿಗಳಲ್ಲಿ ಇದು ಎದ್ದು ಕಾಣುತ್ತದೆ. ಹಾಡುಗಳ ರಚನೆ ಕೆಟ್ಟದ್ದಲ್ಲ, ಅದೇ ಬೇಸರ.

ಹಾಗಾಗಿ ಹಾಡಿಲ್ಲದ ತುಣುಕುಗಳಿಂದ ಒಳಗೆ ಬನ್ನಿ. ‘ದಿ ನೇಚರ್ ಆಫ್ ದಿ ಸೀ’ ಮೊದಲು. ಆಮೇಲೆ ‘ರ‍್ಯಾಮ್’, ಬೇರೆ ಬೇರೆ ತಂತಿವಾದ್ಯಗಳನ್ನು ತಾವೇ ಒಂದರ ಮೇಲೊಂದು ನುಡಿಸಿರುವ, ನಗು ತರಿಸುವ ತುಣುಕು. ಮೂರನೆಯದಾಗಿ ಶೀರ್ಷಿಕೆ ತುಣುಕು ‘ಬಿಗಿನಿಂಗ್ಸ್’. ಚಿಕ್ಕ ಆರ್ಕೆಸ್ಟ್ರಾದ ಜೊತೆ ಏಳು ನಿಮಿಷಕ್ಕೂ ಮಿಕ್ಕಿದ ಈ ಕೃತಿಗೆ ವಾದ್ಯ ಹೊಂದಿಸಿ ಬರೆದವರು ಮೊರಾಜ್. ಈ ಮೂರು ಹಿಡಿಸಿದರೆ 1979ರ ‘ದಿ ಸ್ಟೀವ್ ಹೌ ಆಲ್ಬಂ’ಗೆ ಹೋಗಿ. ಅಲ್ಲಿ ಅವರು ಬಹುಪಾಲು ಹಾಡುವುದನ್ನು ಬಿಟ್ಟು ಗಿಟಾರುಗಳನ್ನೇ ಮಾತಾಡಲು ಬಿಟ್ಟಿದ್ದಾರೆ, ‘ಲುಕ್ ಓವರ್ ಯುವರ್ ಶೋಲ್ಡರ್’ ಹಾಡನ್ನು ಕ್ಲೇರ್ ಹ್ಯಾಮಿಲ್‌ಗೆ ಕೊಟ್ಟಿದ್ದಾರೆ. ನಾಲ್ಕೇ ವರ್ಷದಲ್ಲಿ ತಮ್ಮ ಬಲ ಎಲ್ಲಿದೆ ಎಂದು ಕಂಡುಕೊಂಡ ಆಲ್ಬಂ ಅದು.

ಮೊರಾಜ್ ಆಲ್ಬಂ ಬಗ್ಗೆ ಯಾರೂ ಮಾತೇ ಆಡಲ್ಲ. ಬಿಡಬಹುದಾ?

ಬಿಡಬೇಡಿ. ಯೆಸ್‌ನಲ್ಲಿ ಒಂದೇ ಸ್ಟುಡಿಯೋ ಆಲ್ಬಂಗೆ ನುಡಿಸಿದವರು ಎಂಬ ಕಾರಣಕ್ಕೆ ಬದಿಗೆ ಸರಿದ ಹೆಸರು ಅದು. ಸ್ವಿಟ್ಜರ್‌ಲೆಂಡಿನವರಾದ ಮೊರಾಜ್ ಈ ಆಲ್ಬಂಗಾಗಿ ಬ್ರೆಜಿಲ್‌ನ ರಿಯೋ ಡಿ ಜನೈರೋದ ತಾಳವಾದ್ಯಗಾರರ ಗುಂಪನ್ನು ಸೇರಿಸಿಕೊಂಡರು. ಜೊತೆಗೆ ಡ್ರಮ್ಸ್‌ಗೆ ಆಲ್ಫಾನ್ಸ್ ಮೌಜಾನ್, ಆಂಡಿ ನ್ಯೂಮಾರ್ಕ್, ಬೇಸ್‌ಗೆ ಜೆಫ್ ಬರ್ಲಿನ್, ಹಾಡಲು ಜಾನ್ ಮೆಕ್‌ಬರ್ನಿ. ಕಾಡಿನ ನಡುವಿನ ಗೋಪುರವೊಂದಕ್ಕೆ ಜನ ತಂತಮ್ಮ ಬಯಕೆ ತೀರಿಸಿಕೊಳ್ಳಲು ಬರುತ್ತಾರೆ ಎಂಬುದು ಕಥೆ. ಕಥೆ ಹೇಗಾದರೂ ಇರಲಿ, ‘ಕಶಾಸಾ’ ಕೇಳಿ: ಬ್ರೆಜಿಲ್‌ನ ಬಯಾವ್ ಕುಣಿತದ ನಡೆಯ ಮೇಲೆ ಸಿಂಥಸೈಜರ್ ಎಷ್ಟು ಲೀಲಾಜಾಲವಾಗಿ ಓಡುತ್ತದೆ ನೋಡಿ. ರಾಕ್‌ಗಿಂತ ಜಾಜ್ ಫ್ಯೂಷನ್ ಇಷ್ಟಪಡುವವರಿಗೆ ಐದರಲ್ಲಿ ಇದೇ ಮೊದಲ ಆಯ್ಕೆಯಾದರೂ ಆಶ್ಚರ್ಯವಿಲ್ಲ. ಎರಡನೇ ಅರ್ಧದ ಹಾಡುಗಳು ಕೊಂಚ ಸಿಹಿ ಹೆಚ್ಚಾದವು.

‘ರ‍್ಯಾಮ್‌ಶ್ಯಾಕಲ್ಡ್’?

ಒಂದು ಸಲ ಕೇಳಿ. ಫಂಕ್, ರೆಗೆ, ಸೋಲ್ ಎಲ್ಲ ಬೆರೆತ ಗೆಳೆಯರ ಕೂಟ. ಯೆಸ್ ಅಭಿಮಾನಿಗಳು ಇಟ್ಟುಕೊಳ್ಳುವ ಹಾಡು ಒಂದೇ, ವಿಲಿಯಂ ಬ್ಲೇಕ್ ಕವಿತೆಯ ‘ಸ್ಪ್ರಿಂಗ್: ಸಾಂಗ್ ಆಫ್ ಇನೊಸೆನ್ಸ್’. ಆಂಡರ್ಸನ್ ಹಾಡಿದ್ದಾರೆ, ಹೌ ಗಿಟಾರ್ ನುಡಿಸಿದ್ದಾರೆ.

ರಿಕ್ ವೇಕ್‌ಮನ್ ಆಲ್ಬಂಗಳನ್ನ ಈ ಐದರ ಜೊತೆ ಹೋಲಿಸಬಹುದಾ?

ಹೋಲಿಸಬಹುದು, ಆದರೆ ಸಂದರ್ಭ ಬೇರೆ. ವೇಕ್‌ಮನ್‌ಗೆ ಬೇರೆ ಕಂಪನಿಯ ಜೊತೆ ಸ್ವಂತ ಒಪ್ಪಂದವಿತ್ತು, ಬ್ಯಾಂಡಿನಲ್ಲಿದ್ದಾಗಲೇ ಅವರ ಸೋಲೋ ಬದುಕು ಸಮಾನಾಂತರವಾಗಿ ನಡೆದಿತ್ತು. ‘ಫ್ರ್ಯಾಜೈಲ್’ಗೆಂದು ಇಟ್ಟುಕೊಂಡಿದ್ದ ಸ್ವಂತ ರಚನೆ ಆ ಒಪ್ಪಂದದ ತೊಡಕಿನಿಂದ ಹೊರಗುಳಿದು, ಅದರ ಜಾಗಕ್ಕೆ ಬ್ರಾಮ್ಸ್ ಬಂದದ್ದು. ಹೊರಗುಳಿದ ರಚನೆ 1973ರ ‘ದಿ ಸಿಕ್ಸ್ ವೈವ್ಸ್ ಆಫ್ ಹೆನ್ರಿ ದಿ ಎಯ್ತ್’ನಲ್ಲಿ ‘ಕ್ಯಾಥರೀನ್ ಆಫ್ ಆರಗಾನ್’ ಆಯಿತು. ಅದರಲ್ಲಿ ಸ್ಕ್ವೈರ್, ಹೌ, ಬ್ರೂಫರ್ಡ್ ಮೂವರೂ ನುಡಿಸಿದ್ದಾರೆ. ಅಂದರೆ ಹಾಡುಗಾರನಿಲ್ಲದ ಯೆಸ್!

‘ಸಿಕ್ಸ್ ವೈವ್ಸ್’ನಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಆರು ರಾಣಿಯರಿಗೆ ಒಂದೊಂದು ತುಣುಕು. ರಾಣಿಯರ ಕ್ರಮ ಇತಿಹಾಸದಂತಿಲ್ಲ, ಎರಡನೆಯ ರಾಣಿ ಆನ್ ಬೊಲಿನ್ ಆಲ್ಬಂನಲ್ಲಿ ಐದನೆಯವಳು. ಕ್ರಮ ಸಂಗೀತದ ಏರಿಳಿತಕ್ಕೆ ತಕ್ಕಂತೆ ಇದೆ. ಒಂದೇ ಕೇಳುವುದಾದರೆ ‘ಜೇನ್ ಸೀಮೋರ್’, ಲಂಡನ್ನಿನ ಸೇಂಟ್ ಜೈಲ್ಸ್ ಚರ್ಚಿನ ಆರ್ಗನ್ನಿನಲ್ಲಿ ನುಡಿಸಿದ್ದು. ‘ಫಿಶ್’ನ ಸೇಂಟ್ ಪಾಲ್ಸ್ ಆರ್ಗನ್ ಪಕ್ಕ ಇಟ್ಟು ಕೇಳಿದರೆ ಇಬ್ಬರ ವ್ಯತ್ಯಾಸ ತಕ್ಷಣ ತಿಳಿಯುತ್ತದೆ: ವೇಕ್‌ಮನ್‌ಗೆ ಅದು ತಾನು ನುಡಿಸುವ ವಾದ್ಯ, ಸ್ಕ್ವೈರ್‌ಗೆ ತನ್ನ ಬೇಸ್ ನಿಲ್ಲುವ ಕಟ್ಟಡ. 1974ರ ‘ಜರ್ನಿ ಟು ದಿ ಸೆಂಟರ್ ಆಫ್ ದಿ ಅರ್ತ್’ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೇರಿದ್ದು ಹೌದು. ಆದರೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ, ಗಾಯನವೃಂದ, ಕಥೆ ಹೇಳುವವರು ಎಲ್ಲ ಸೇರಿದ ಆ ನೇರ ಧ್ವನಿಮುದ್ರಣದಲ್ಲಿ ಸಂಗೀತಕ್ಕಿಂತ ಮೆರವಣಿಗೆಯೇ ಹೆಚ್ಚು.

## ಆಳಕ್ಕೆ ಇಳಿಯುವವರಿಗೆ

ಎರಡು ಆಲ್ಬಂ ಹೋಲಿಸೋವಾಗ ಪ್ರತಿ ಸಲ ಅಭಿಪ್ರಾಯ ಬದಲಾಗುತ್ತೆ. ನ್ಯಾಯವಾಗಿ ಹೋಲಿಸೋದು ಹೇಗೆ?

ಮೊದಲ ಅನುಮಾನ ವಾಲ್ಯೂಮ್ ಮೇಲೆ ಇರಲಿ. ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಎನ್ನುತ್ತದೆ. ಹಳೆಯ ಸಿಡಿಗಳ ಮಟ್ಟ ತಗ್ಗು, ಈಚೆಗೆ ಧ್ವನಿ ತಿದ್ದಿ ತಂದ ರೀಮಾಸ್ಟರ್‌ಗಳದು ಜೋರು. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಷನ್ ಆನ್ ಮಾಡಿ. ಕಂಪ್ಯೂಟರಿನ ಫೈಲುಗಳಾದರೆ ಫೂಬಾರ್2000ದಂಥ ಪ್ಲೇಯರ್‌ನಲ್ಲಿ ಅದೇ ಕೆಲಸ ಮಾಡುವ ರಿಪ್ಲೇಗೇನ್ ಹಾಕಿ. ಸ್ಪೀಕರ್ ಮುಂದೆ ಕೂತು ಎಲ್‌ಪಿ ಮತ್ತು ಸಿಡಿ ಹೋಲಿಸುವುದಾದರೆ ಫೋನಿನ ಸದ್ದಳೆಯುವ ಆ್ಯಪ್ ಸಾಕು: ಒಂದೇ ಹಾಡಿನ ಒಂದೇ 30 ಸೆಕೆಂಡು ಎರಡರಲ್ಲೂ ಹಾಕಿ, ಫೋನನ್ನು ಕೂರುವ ಜಾಗದಲ್ಲೇ ಇಟ್ಟು, ಸರಾಸರಿ ಒಂದು ಡೆಸಿಬೆಲ್ ಒಳಗೆ ಬರುವವರೆಗೆ ಸರಿಪಡಿಸಿ. ತೀರಾ ಮೆಲ್ಲಗೆ ಕೇಳಬೇಡಿ. ಮಟ್ಟ ಇಳಿದಂತೆ ಕಿವಿಗೆ ತಗ್ಗಿನ ಸ್ವರಗಳು ಮೊದಲು ಮಾಯವಾಗುತ್ತವೆ, ‘ಫಿಶ್’ಗೆ ಅನ್ಯಾಯವಾಗುತ್ತದೆ.

ಎರಡನೆಯದು, ಇಡೀ ಆಲ್ಬಂಗೆ ಆಲ್ಬಂ ಹೋಲಿಸಬೇಡಿ. ಒಂದು ಹಾಳೆಯಲ್ಲಿ ಹಾಡಿನ ಎದುರು ನಾಲ್ಕು ವಿಷಯ ಬರೆಯಿರಿ: ಬರೆದವರು, ಹಾಡಿದವರು, ಡ್ರಮ್ಸ್ ಯಾರದು, ಯಾವ ವಾದ್ಯ ಎಲ್ಲಕ್ಕಿಂತ ಮುಂದಿದೆ. ಹತ್ತು ಹಾಡಿಗೆ ಬರೆಯುವಷ್ಟರಲ್ಲಿ ‘ಇದು ಯೆಸ್ ಥರ ಇದೆ’ ಎಂಬ ಮಾತಿನ ಹಿಂದೆ ನಿಜಕ್ಕೂ ಏನಿದೆ ಎಂಬುದು ಬಯಲಾಗುತ್ತದೆ. ಹೆಚ್ಚಿನ ಸಲ ಅದು ಬೇಸ್ ಮತ್ತು ಹಿನ್ನೆಲೆ ದನಿ.

ಬ್ರೂಫರ್ಡ್ ಇದ್ರಿಂದಲೇ ‘ಫಿಶ್’ ಗೆದ್ದಿತು ಅನ್ನೋರಿದ್ದಾರೆ. ಒಪ್ತೀರಾ?

ಅರ್ಧ ಒಪ್ಪಬಹುದು. ಬ್ರೂಫರ್ಡ್ ಮತ್ತು ವೈಟ್ ಇಬ್ಬರೂ ‘ಸಿಕ್ಸ್ ವೈವ್ಸ್’ನಲ್ಲೂ ಇದ್ದಾರೆ, ‘ಬಿಗಿನಿಂಗ್ಸ್’ನಲ್ಲೂ ಇದ್ದಾರೆ. ಡ್ರಮ್ಮರ್ ಬದಲಾದರೆ ಏನಾಗುತ್ತದೆ ಎಂದು ಅಲ್ಲೇ ಪರೀಕ್ಷಿಸಿ. ‘ಕ್ಯಾಥರೀನ್ ಆಫ್ ಆರಗಾನ್’ನಲ್ಲಿ ಬ್ರೂಫರ್ಡ್, ‘ಆನ್ ಆಫ್ ಕ್ಲೀವ್ಸ್’ನಲ್ಲಿ ವೈಟ್. ಬ್ರೂಫರ್ಡ್ ಸ್ನೇರ್ (ಡ್ರಮ್ಮರ್ ಮುಂದಿರುವ ಚಪ್ಪಟೆ ಡ್ರಮ್) ಬಿಗಿ, ಟಣಕ್ಕೆನ್ನುವ ಮೊನಚಿನದು, ಪೆಟ್ಟಿನ ಜಾಗ ಊಹೆಗೆ ಸಿಗುವುದಿಲ್ಲ, ನಡುವೆ ಗಾಳಿಯಾಡುತ್ತದೆ. ವೈಟ್ ಕೈ ಭಾರ, ಬಡಿತ ತುಂಬಿಕೊಂಡಿರುತ್ತದೆ, ಹಾಡನ್ನು ಮುಂದಕ್ಕೆ ನೂಕುತ್ತದೆ. ಜಾನ್ ಲೆನನ್‌ನ ‘ಇಮ್ಯಾಜಿನ್’ ಆಲ್ಬಂಗೆ ನುಡಿಸಿದ ಕೈ ಅದು.

‘ಫಿಶ್’ನಲ್ಲಿ ಬೇಸ್ ಇಷ್ಟು ಜಾಗ ತಿನ್ನುವಾಗ ಗಾಳಿ ಬಿಡುವ ಡ್ರಮ್ಮರೇ ಬೇಕಿತ್ತು. ‘ಲಕ್ಕಿ ಸೆವೆನ್’ ಅದಕ್ಕೆ ಸಾಕ್ಷಿ. ಆದರೆ ‘ಬಿಗಿನಿಂಗ್ಸ್’ನಲ್ಲೂ ಬ್ರೂಫರ್ಡ್ ಇದ್ದಾರಲ್ಲ, ಅದು ಯಾಕೆ ಗೆಲ್ಲಲಿಲ್ಲ? ರಚನೆ ಮತ್ತು ದನಿಯ ಕೊರತೆಯನ್ನು ಡ್ರಮ್ಸ್ ತುಂಬಿಕೊಡಲಾರದು.

ರೀಮಾಸ್ಟರ್, ರೀಮಿಕ್ಸ್ ಅಂತೆಲ್ಲ ಇದೆ. ಯಾವುದನ್ನ ಕೇಳಿ ತೀರ್ಮಾನಕ್ಕೆ ಬರಬೇಕು?

ರೀಮಾಸ್ಟರ್ ಎಂದರೆ ಆಗಲೇ ಬೆರೆಸಿಟ್ಟ ಎರಡು ಚಾನಲ್‌ಗಳ ಮಟ್ಟ, ಹೊಳಪು ತಿದ್ದುವುದು. ರೀಮಿಕ್ಸ್ ಎಂದರೆ ಒಂದೊಂದು ವಾದ್ಯದ ಮೂಲ ಟ್ರ್ಯಾಕ್‌ಗೆ ಹಿಂತಿರುಗಿ ಹೊಸದಾಗಿ ಬೆರೆಸುವುದು. ‘ಫಿಶ್’ ಅನ್ನು 2018ರಲ್ಲಿ ಯಾಕೊ ಯಾಕ್‌ಸಿಕ್ ಹೀಗೆ ಹೊಸದಾಗಿ ಮಿಕ್ಸ್ ಮಾಡಿದರು. ಮೂಲದಲ್ಲಿ ಒತ್ತೊತ್ತಾಗಿದ್ದ ಆರ್ಕೆಸ್ಟ್ರಾ ಅಲ್ಲಿ ಬಿಡಿಬಿಡಿಯಾಗಿ ಕೇಳುತ್ತದೆ. ಜ್ಯಾಕ್‌ಮನ್ ಬರವಣಿಗೆ ಅಭ್ಯಾಸ ಮಾಡುವವರಿಗೆ ಅದು ಒಳ್ಳೆಯದು. ಆದರೆ 1975-76ರ ಐದು ಆಲ್ಬಂಗಳನ್ನು ಹೋಲಿಸುವಾಗ ಒಂದರದ್ದು ಮಾತ್ರ 2018ರ ಮಿಕ್ಸ್ ಹಿಡಿದರೆ ಲೆಕ್ಕ ತಪ್ಪುತ್ತದೆ. ಹೋಲಿಕೆಗೆ ಎಲ್ಲದರದ್ದೂ ಮೂಲ ಮಿಕ್ಸ್, ಆಮೇಲೆ ಸಂತೋಷಕ್ಕೆ ಹೊಸದು.

ಹಳೆಯ ಎಲ್‌ಪಿ ಸಿಕ್ಕಿದೆ. ಕೊಳ್ಳೋ ಮೊದಲು ಎಲ್ಲಿ ಹಾಕಿ ನೋಡ್ಲಿ?

ಮೊದಲ ಹಾಡು ಹಾಕಿ ನೋಡಿ ಕೊಳ್ಳಬೇಡಿ. ಹೊರಸುತ್ತಿನಲ್ಲಿ ಸೂಜಿಯಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾಯುತ್ತದೆ, ಒಳಸುತ್ತಿನಲ್ಲಿ 21ರ ಆಸುಪಾಸು ಮಾತ್ರ. ಅದೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇರುಕಿಕೊಂಡಿರುವುದರಿಂದ ಸವೆತ ಮೊದಲು ಕೇಳಿಸುವುದು ಅಲ್ಲೇ. ‘ಫಿಶ್’ ಎರಡನೇ ಬದಿ ಹೆಚ್ಚುಕಮ್ಮಿ 22 ನಿಮಿಷ, ಕೊನೆಯಲ್ಲಿ ‘ಸೇಫ್’ ಆರ್ಕೆಸ್ಟ್ರಾ ತುಂಬಿ ಏರಿ ಆಮೇಲೆ ತಣ್ಣಗಾಗುತ್ತದೆ. ಆ ಬದಿಯ ಕೊನೆಯ ಐದು ನಿಮಿಷ ಹಾಕಿ. ಏರಿದಾಗ ತಂತಿವಾದ್ಯಗಳು ಒಡಕಲಾದರೆ ಸೂಜಿ ಗೀರನ್ನು ತಿಂದಿದೆ ಎಂದು ಅರ್ಥ, ತೊಳೆದರೂ ಹೋಗುವುದಿಲ್ಲ. ತಣ್ಣಗಾದಾಗ ಬರೀ ಚಟಪಟ ಬಂದರೆ ಅದು ಧೂಳಿರಬಹುದು, ತೊಳೆದು ನೋಡಬಹುದು. ‘ಒಲಾಯಸ್’ಗಾದರೆ ಮೊದಲ ‘ಓಷನ್ ಸಾಂಗ್’ ಕೂಡ ಹಾಕಿ. ಮೆಲ್ಲಗೆ ಶುರುವಾಗುವುದರಿಂದ ಮೇಲ್ಮೈ ಸದ್ದು ಮುಚ್ಚಿಡಲು ಏನೂ ಇಲ್ಲ.

ಈ ಸೋಲೋ ಆಲ್ಬಂಗಳಿಂದ ಬ್ಯಾಂಡಿಗೆ ಏನಾದ್ರೂ ಉಪಯೋಗ ಆಯ್ತಾ?

1977ರ ‘ಗೋಯಿಂಗ್ ಫಾರ್ ದಿ ಒನ್’ ತೆಗೆದು ನೋಡಿ. ಅಷ್ಟರಲ್ಲಿ ಮೊರಾಜ್ ಹೋಗಿ ವೇಕ್‌ಮನ್ ಮರಳಿದ್ದರು. ಅದರ ‘ಪ್ಯಾರಲಲ್ಸ್’ ಸ್ಕ್ವೈರ್ ಮೊದಲು ‘ಫಿಶ್’ಗೆಂದು ಬರೆದ ಹಾಡು, ಅಲ್ಲಿ ಜಾಗ ಸಾಲದೆ ಉಳಿದದ್ದು. ಚರ್ಚ್ ಆರ್ಗನ್ ಜೊತೆ ಬೇಸ್ ಓಡುವ ರೀತಿ ಕೇಳಿದರೆ ‘ಹೋಲ್ಡ್ ಔಟ್ ಯುವರ್ ಹ್ಯಾಂಡ್’ನ ತಮ್ಮ ಎಂದು ತಿಳಿದುಬಿಡುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಹೌ ಗಿಟಾರ್ ನುಗ್ಗುತ್ತದೆ. ‘ಫಿಶ್’ನಲ್ಲಿ ಇಲ್ಲದ್ದು ಏನಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಡ. ‘ಅವೇಕನ್’ ನಡುವೆ ಬರುವ ಹಾರ್ಪ್ ಆಂಡರ್ಸನ್ ಕೈಯದು, ‘ಒಲಾಯಸ್’ನಿಂದ ನೇರ ನಡೆದು ಬಂದದ್ದು. ಒಂಟಿಯಾಗಿ ಕೂತು ಕಲಿತ ಆ ತಾಳ್ಮೆಯ ಪದರಗಳಿಗೆ ಇಲ್ಲಿ ವೇಕ್‌ಮನ್ ಬೆರಳೂ ಸೇರಿದೆ.

ಇವೆಲ್ಲ ಕೇಳಿ ಆಯ್ತು. ಮುಂದೆ?

ಬ್ರೂಫರ್ಡ್‌ರ ‘ಫೀಲ್ಸ್ ಗುಡ್ ಟು ಮಿ’ 1978ರದು, ಅಲನ್ ಹೋಲ್ಡ್ಸ್‌ವರ್ತ್ ಗಿಟಾರ್, ಡೇವ್ ಸ್ಟುವರ್ಟ್ ಕೀಬೋರ್ಡ್, ಮೊರಾಜ್ ಆಲ್ಬಂನಲ್ಲಿ ಕೇಳಿದ ಅದೇ ಜೆಫ್ ಬರ್ಲಿನ್ ಬೇಸ್. ಹಾಡಿರುವ ತುಣುಕುಗಳಲ್ಲಿ ಅನೆಟ್ ಪೀಕಾಕ್ ದನಿ ಕೆಲವರಿಗೆ ಒಗ್ಗುವುದಿಲ್ಲ, ಅಂಥವರು 1979ರ ‘ಒನ್ ಆಫ್ ಎ ಕೈಂಡ್’ಗೆ ಹೋಗಲಿ. ಹೌಗಿಂತ ಮೊದಲು ಯೆಸ್ ಗಿಟಾರಿಸ್ಟ್ ಆಗಿದ್ದ ಪೀಟರ್ ಬ್ಯಾಂಕ್ಸ್ 1973ರಲ್ಲಿ ‘ಟೂ ಸೈಡ್ಸ್ ಆಫ್ ಪೀಟರ್ ಬ್ಯಾಂಕ್ಸ್’ ತಂದರು. ಯಾನ್ ಆಕರ್‌ಮನ್, ಫಿಲ್ ಕಾಲಿನ್ಸ್, ಸ್ಟೀವ್ ಹ್ಯಾಕೆಟ್, ಜಾನ್ ವೆಟನ್ ಎಲ್ಲ ಬಂದು ಹೋಗುತ್ತಾರೆ. ಮೊದಲರ್ಧದ ‘ನೈಟ್ಸ್’ ಗುಚ್ಛ ಚೆನ್ನಾಗಿ ಯೋಚಿಸಿ ಕಟ್ಟಿದ್ದು. ಎರಡನೇ ಬದಿಯ ‘ಸ್ಟಾಪ್ ದಟ್!’ ಹದಿಮೂರು ನಿಮಿಷ ದಾಟುವ ಹರಟೆ, ಹೆಸರಿನ ಮಾತು ಕೇಳಿ ಅಲ್ಲೇ ನಿಲ್ಲಿಸಿದರೂ ತಪ್ಪೇನಿಲ್ಲ.